ಚಳಿಗೆ ಮುಚ್ಚಿದ ಈಜುಕೊಳದ ಪೈಪ್‌ಲೈನ್: ಪುಣೆಯ ಸೊಸೈಟಿಗಳಿಗೆ ದೋಷ ನಿವಾರಣೆ ಕೈಪಿಡಿ

ದೀಪಾವಳಿ ಕಳೆದು ಬೆಳಗಿನ ಚಳಿ ಬಿತ್ತೆಂದರೆ ಪುಣೆಯ ಸೊಸೈಟಿ ಕೊಳಗಳಿಗೆ ಇಳಿಯುವವರೇ ಇರುವುದಿಲ್ಲ. ಬಾಣೇರ್ ಆಗಲಿ, ವಾಕಡ್ ಆಗಲಿ, ಖರಾಡಿಯಾಗಲಿ, ಡಿಸೆಂಬರ್ ಹೊತ್ತಿಗೆ ಕಮಿಟಿಯವರು ಗೇಟಿಗೆ ಬೀಗ ಹಾಕಿಸಿ ಪಂಪಿನ ಸ್ವಿಚ್ ಆರಿಸಿಬಿಡುತ್ತಾರೆ. ಹೋಳಿ ಹತ್ತಿರ ಬಂದಾಗ ತೆರೆಯಲು ಹೋದರೆ ಪಂಪ್ ನೀರು ಎತ್ತುವುದಿಲ್ಲ, ಮಟ್ಟ ಅರ್ಧ ಅಡಿ ಇಳಿದಿದೆ, ಲೈನಿನಿಂದ ಕೊಳೆತ ವಾಸನೆ ಬರುತ್ತದೆ. ‘ಚಳಿಗೆ ಪೈಪ್ ಒಡೆದಿರಬೇಕು’ ಎಂದು ಮೊದಲ ಅನುಮಾನ ಚಳಿಯ ಮೇಲೆಯೇ ಹೋಗುತ್ತದೆ.

ಪುಣೆಯಲ್ಲಿ ಹಾಗಾಗುವುದಿಲ್ಲ. ನೀರು ಹೆಪ್ಪುಗಟ್ಟುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಆ ಹಿಗ್ಗು ಪೈಪನ್ನು ಸೀಳುತ್ತದೆ. ಅದಕ್ಕೆ ಉಷ್ಣತೆ ಸೊನ್ನೆ ಡಿಗ್ರಿಗೆ ಇಳಿಯಬೇಕು. ಪುಣೆಯಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 1935ರ ಜನವರಿಯ 1.7 ಡಿಗ್ರಿ. ಇಲ್ಲಿ ಲೈನನ್ನು ಹಾಳುಮಾಡುವುದು ಮಂಜುಗಡ್ಡೆಯಲ್ಲ, ಎರಡು–ಮೂರು ತಿಂಗಳು ಅಲ್ಲಾಡದೆ ನಿಂತ ನೀರು. ರಬ್ಬರ್ ರಿಂಗ್ ಒಣಗುತ್ತದೆ, ಪೈಪಿನೊಳಗೆ ಲೋಳೆ ಕಟ್ಟುತ್ತದೆ, ಫಿಲ್ಟರಿನೊಳಗಿನ ಮರಳು ಗಟ್ಟಿಯಾಗುತ್ತದೆ, ಪಂಪಿನ ಶಾಫ್ಟ್ ಹಿಡಿದುಕೊಳ್ಳುತ್ತದೆ. ಕೆಳಗೆ ಹೇಳುವ ದೋಷಗಳಲ್ಲಿ ಹೆಚ್ಚಿನವು ಇದೇ ಬೇರಿನಿಂದ ಹುಟ್ಟಿದವು. ಕೊಳ ಮುಚ್ಚಿದ್ದರೂ ದಿನಕ್ಕೆ ಎರಡು ಗಂಟೆ ಪಂಪ್ ಓಡಿಸಿದರೆ ಇವುಗಳಲ್ಲಿ ಬಹಳಷ್ಟು ತಲೆ ಎತ್ತುವುದೇ ಇಲ್ಲ.

ಕೈ ಹಾಕುವ ಮುನ್ನ

ಪಂಪಿನ ಮೇನ್ ಸ್ವಿಚ್ ಆರಿಸಿ, ಪ್ಯಾನಲ್‌ಗೆ ಬೀಗ ಹಾಕಿ ಬೀಗದಕೈ ಜೇಬಿನಲ್ಲಿಟ್ಟುಕೊಳ್ಳಿ. ವಾಚ್‌ಮನ್ ಅಭ್ಯಾಸಬಲದಿಂದ ಸ್ವಿಚ್ ಹಾಕಿದ ಕ್ಷಣದಲ್ಲಿ ನಿಮ್ಮ ಬೆರಳು ಪಂಪಿನೊಳಗೆ ತಿರುಗುವ ಚಕ್ರದ, ಅಂದರೆ ಇಂಪೆಲ್ಲರ್ ಬಳಿ ಇರಬಾರದು. ಫಿಲ್ಟರಿನ ಗಾಳಿ ಬಿಡುವ ತಿರುಪು ಸಡಿಲಿಸಿ ಒತ್ತಡ ತೋರಿಸುವ ಗೇಜ್ ಸೊನ್ನೆಗೆ ಬಂದ ಮೇಲಷ್ಟೇ ಯಾವುದೇ ಮುಚ್ಚಳ, ಕ್ಲ್ಯಾಂಪ್ ಬಿಚ್ಚಿ. ಪಂಪ್ ಓಡುತ್ತಿರುವಾಗ ಮಲ್ಟಿಪೋರ್ಟ್ ವಾಲ್ವಿನ (ಫಿಲ್ಟರಿನ ನೀರು ಯಾವ ದಾರಿಯಲ್ಲಿ ಹೋಗಬೇಕೆಂದು ಬದಲಿಸುವ ವಾಲ್ವ್) ಹಿಡಿಕೆಯನ್ನು ಎಂದೂ ತಿರುಗಿಸಬೇಡಿ. ಒಳಗಿನ ಜೇಡಾಕಾರದ ಗ್ಯಾಸ್ಕೆಟ್ ಕಿತ್ತುಬರುತ್ತದೆ, ಮುಂದೆ ಬರುವ ‘ಕಾಣದ ಸೋರಿಕೆ’ಗೆ ಅದೇ ಕಾರಣವಾಗುತ್ತದೆ.

ಆಸಿಡ್ ಕ್ಯಾನ್ ಮತ್ತು ಹೈಪೋ (ದ್ರವ ಕ್ಲೋರಿನ್, ಅಂದರೆ ಸೋಡಿಯಂ ಹೈಪೋಕ್ಲೋರೈಟ್) ಕ್ಯಾನ್ ಅಕ್ಕಪಕ್ಕ ಇದ್ದರೆ ಇಂದೇ ಬೇರೆ ಮಾಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ನೆಲಮಾಳಿಗೆಯ ಪಂಪ್ ರೂಮಿನಲ್ಲಿ ಅದರಿಂದ ಓಡಿಹೋಗಲು ಜಾಗವಿರುವುದಿಲ್ಲ.

ಲಕ್ಷಣ: ಪಂಪ್ ಓಡುತ್ತದೆ, ನೀರು ಎತ್ತುವುದಿಲ್ಲ

ಇದು ಅತಿ ಹೆಚ್ಚು ಕಾಣುವ ದೂರು. ಒಂದು ಕಟ್ಟಪ್ಪಣೆ: ಐದು ನಿಮಿಷದಲ್ಲಿ ನೀರು ಹಿಡಿಯದಿದ್ದರೆ ಪಂಪ್ ಆರಿಸಿ. ಶಾಫ್ಟಿನ ಸುತ್ತ ನೀರು ಸೋರದಂತೆ ತಡೆಯುವ ಮೆಕ್ಯಾನಿಕಲ್ ಸೀಲಿಗೆ ತಂಪು ಕೊಡುವುದು ಪಂಪಿನೊಳಗಿನ ನೀರೇ. ಒಣ ಓಡಿಸಿದರೆ ಸೀಲ್ ಸುಡುತ್ತದೆ. ಬಿಸಿಗೆ ಪಂಪಿನ ಬಾಯಿಯ ಪ್ಲಾಸ್ಟಿಕ್ ಥ್ರೆಡ್ ಕೂಡ ಕುಗ್ಗಿ, ಅಲ್ಲಿಂದ ಶಾಶ್ವತವಾಗಿ ಗಾಳಿ ಎಳೆಯಲು ಶುರುಮಾಡುತ್ತದೆ. ‘ಇನ್ನೊಂದು ಸ್ವಲ್ಪ ಬಿಡು, ಹಿಡಿಯುತ್ತದೆ’ ಎಂದು ಕಾದ ಅರ್ಧ ಗಂಟೆಯಲ್ಲಿ ಸಣ್ಣ ದೋಷ ದೊಡ್ಡದಾಗುತ್ತದೆ.

ಮೊದಲು ಕೊಳದ ಮಟ್ಟ ನೋಡಿ. ಸ್ಕಿಮ್ಮರ್ (ಮೇಲೆ ತೇಲುವ ಕಸವನ್ನು ಹೀರುವ, ಗೋಡೆಯಲ್ಲಿನ ಬಾಯಿ) ಇರುವ ಕೊಳದಲ್ಲಿ ನೀರು ಅದರ ಬಾಯಿಯ ನಡುಮಟ್ಟಕ್ಕೆ ಇರಬೇಕು. ಅಂಚಿನಿಂದ ತುಳುಕುವ ಕೊಳವಾದರೆ ತುಳುಕಿದ ನೀರು ಸೇರುವ ಬ್ಯಾಲೆನ್ಸಿಂಗ್ ಟ್ಯಾಂಕ್ ನೋಡಿ. ಅಲ್ಲಿ ನೀರು ಪೈಪಿನ ಬಾಯಿಯ ಹತ್ತಿರಕ್ಕೆ ಇಳಿದಿದ್ದರೆ ಸುಳಿ ಎದ್ದು ಗಾಳಿ ಒಳಹೋಗುತ್ತದೆ. ಮುಚ್ಚಳ ತೆಗೆದು ಟಾರ್ಚ್ ಹಾಕಿ ನೋಡಿದರೆ ಸಾಕು. ತಿಂಗಳುಗಟ್ಟಲೆ ಮುಚ್ಚಿದ ಟ್ಯಾಂಕಿನೊಳಗೆ ಯಾರನ್ನೂ ಇಳಿಸಬೇಡಿ. ಅಲ್ಲಿ ಉಸಿರಾಡುವ ಗಾಳಿ ಇರುತ್ತದೆಂಬ ಖಾತ್ರಿ ಇಲ್ಲ.

ಮಟ್ಟ ಸರಿಯಿದ್ದರೆ ಪಂಪಿನ ಮುಂದಿನ ಜಾಲರಿ ಬುಟ್ಟಿ ತೆಗೆಯಿರಿ. ಚಳಿಗಾಲದಲ್ಲಿ ಉದುರಿದ ಎಲೆ ಒಳಗೆ ಕೊಳೆತು ಬುಟ್ಟಿಗೆ ಅಂಟಿರುತ್ತದೆ. ತೊಳೆದು ಕೂರಿಸಿ. ಅದೇ ಹೊತ್ತಿಗೆ ಮುಚ್ಚಳದ ಓ-ರಿಂಗ್ ಹೊರತೆಗೆದು ಬೆರಳುಗಳ ನಡುವೆ ಹಿಗ್ಗಿಸಿ. ಸಣ್ಣ ಬಿರುಕು ಕಂಡರೆ, ಅಥವಾ ದುಂಡಗಿರಬೇಕಾದದ್ದು ಚಪ್ಪಟೆಯಾಗಿದ್ದರೆ, ಬದಲಿಸಿ. ಚೆನ್ನಾಗಿದ್ದರೆ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ. ವ್ಯಾಸಲೀನ್, ಬೈಕಿನ ಗ್ರೀಸ್ ಬೇಡ. ಪೆಟ್ರೋಲಿಯಂ ತಾಗಿದರೆ ಪಂಪಿನ ರಬ್ಬರ್ ಊದಿ ಮೆತ್ತಗಾಗುತ್ತದೆ. ಕೂರುವ ಜಾಗದಲ್ಲಿ ಒಂದು ಮರಳಿನ ಕಣ ಉಳಿದರೂ ಗಾಳಿ ನುಗ್ಗುತ್ತದೆ, ಬಟ್ಟೆಯಿಂದ ಒರೆಸಿ. ಮುಚ್ಚಳವನ್ನು ಕೈಯಿಂದಲೇ ಬಿಗಿಯಿರಿ. ಪಾನಾ ಹಾಕಿ ಎಳೆದರೆ ಮುಚ್ಚಳ ಸೀಳುತ್ತದೆ.

ಪಂಪಿನ ಕೆಳಗಿನ ಡ್ರೇನ್ ಪ್ಲಗ್ ಇದೆಯೇ? ಮುಚ್ಚುವಾಗ ನೀರು ಖಾಲಿ ಮಾಡಲು ತೆಗೆದವರು ಮರಳಿ ಹಾಕಿರುವುದಿಲ್ಲ, ಹಾಕಿದರೂ ವಾಷರ್ ಕಳೆದುಹೋಗಿರುತ್ತದೆ. ಆಮೇಲೆ ಬುಟ್ಟಿಯ ಪಾತ್ರೆಯನ್ನು ಬಕೆಟ್‌ನಿಂದ ಅಂಚಿನವರೆಗೆ ತುಂಬಿಸಿ, ಮುಚ್ಚಳ ಹಾಕಿ, ಹೀರು ಲೈನುಗಳಲ್ಲಿ ಒಂದನ್ನಷ್ಟೇ ತೆರೆದು ಪಂಪ್ ಹಾಕಿ. ಸ್ಕಿಮ್ಮರ್ ಲೈನಿನಲ್ಲಿ ಹಿಡಿಯದೆ ತಳದ ಡ್ರೇನಿನಲ್ಲಿ ಹಿಡಿದರೆ ದೋಷ ಸ್ಕಿಮ್ಮರ್ ಲೈನಿನಲ್ಲಿದೆ. ಎರಡರಲ್ಲೂ ಹಿಡಿಯದಿದ್ದರೆ ದೋಷ ಎರಡೂ ಕೂಡುವಲ್ಲಿಂದ ಪಂಪಿನವರೆಗಿನ ತುಂಡಿನಲ್ಲಿದೆ. ಈ ಒಂದು ಪರೀಕ್ಷೆ ಎಷ್ಟೋ ಕಡೆ ನೆಲ ಅಗೆಯುವುದನ್ನು ತಪ್ಪಿಸಿದೆ.

ನೀರು ಹಿಡಿದರೂ ರಿಟರ್ನ್ ಬಾಯಿಗಳಿಂದ (ಫಿಲ್ಟರಾದ ನೀರು ಕೊಳಕ್ಕೆ ಮರಳುವ ಬಾಯಿ) ಬಿಡದೆ ಗುಳ್ಳೆ ಬರುತ್ತಿದ್ದರೆ, ಹೀರುವ ಕಡೆ ಎಲ್ಲೋ ಗಾಳಿ ಎಳೆಯುತ್ತಿದೆ. ಪಂಪ್ ಓಡುತ್ತಿರುವಾಗ ಪ್ರತಿ ಯೂನಿಯನ್ (ಬಿಚ್ಚಿ ಮತ್ತೆ ಕೂಡಿಸಬಹುದಾದ ಜೋಡಣೆ), ವಾಲ್ವ್ ಕಾಂಡ, ಥ್ರೆಡ್ ಜಾಯಿಂಟಿಗೆ ಶೇವಿಂಗ್ ನೊರೆ ಹಚ್ಚಿ. ನೊರೆ ಒಳಗೆ ಕುಸಿದಲ್ಲಿ ರಂಧ್ರವಿದೆ. ನೊರೆ ಇಲ್ಲದಿದ್ದರೆ ಮಗ್ಗಿನಿಂದ ಜಾಯಿಂಟಿನ ಮೇಲೆ ನೀರು ಸುರಿಯಿರಿ. ಸುರಿಯುವಷ್ಟು ಹೊತ್ತು ಗುಳ್ಳೆ ನಿಂತರೆ ಅದೇ ಜಾಗ. ಮೋಟಾರಿನ ಮೇಲೆ, ವೈರಿಂಗ್ ಪೆಟ್ಟಿಗೆಯ ಮೇಲೆ ಮಾತ್ರ ನೀರು ಬೀಳಬಾರದು.

ಲಕ್ಷಣ: ಬೆಳಗ್ಗೆ ಜಾಯಿಂಟ್ ತೊಟ್ಟಿಕ್ಕುತ್ತದೆ, ಮಧ್ಯಾಹ್ನ ನಿಂತುಹೋಗುತ್ತದೆ

ನಿಜವಾಗಿ ಚಳಿಯ ಪಾತ್ರವಿರುವ ದೋಷ ಇದೊಂದೇ ಎನ್ನಬಹುದು. ಯುಪಿವಿಸಿ ಪೈಪ್ ಪ್ರತಿ ಮೀಟರಿಗೆ, ಪ್ರತಿ ಡಿಗ್ರಿಗೆ ಸುಮಾರು 0.07 ಮಿ.ಮೀ. ಹಿಗ್ಗುತ್ತದೆ, ಕುಗ್ಗುತ್ತದೆ. ಜನವರಿಯಲ್ಲಿ ಬೆಳಗಿನ ಜಾವ 10 ಡಿಗ್ರಿ, ಮಧ್ಯಾಹ್ನ 30 ಡಿಗ್ರಿ ಎಂದರೆ ಬಯಲಲ್ಲಿರುವ 10 ಮೀಟರ್ ಪೈಪ್ ದಿನಕ್ಕೆ 14 ಮಿ.ಮೀ. ಓಡಾಡುತ್ತದೆ. ಗೋಡೆಗೆ ಕ್ಲ್ಯಾಂಪ್ ಬಿಗಿಯಾಗಿ ಹೊಡೆದಿದ್ದರೆ ಆ ಎಳೆತವೆಲ್ಲ ಜಾಯಿಂಟಿನ ಮೇಲೆ ಬೀಳುತ್ತದೆ. ಪೈಪ್ ಒರಟು ಮಾಡದೆ, ಒರೆಸದೆ, ಅವಸರದಲ್ಲಿ ಸಾಲ್ವೆಂಟ್ (ಪೈಪಿನ ಅಂಟು) ಹಚ್ಚಿದ ಜಾಯಿಂಟ್ ಮೊದಲು ಬಾಯಿ ಬಿಡುತ್ತದೆ.

ಹೊರಗಿನಿಂದ ಎಂ-ಸೀಲ್ ಮೆತ್ತಿದರೆ ಕೆಲವು ವಾರ ನಿಲ್ಲುತ್ತದೆ, ಅಷ್ಟೇ. ಸರಿಯಾದ ದಾರಿ ಆ ತುಂಡು ಕತ್ತರಿಸಿ ಹೊಸ ಕಪ್ಲರ್, ಇಲ್ಲವೇ ಯೂನಿಯನ್ ಹಾಕುವುದು. ಕತ್ತರಿಸಿದ ತುದಿಯ ಚೂರು ಕೆರೆದು ತೆಗೆಯಿರಿ, ಮರಳು ಕಾಗದದಿಂದ ಹೊಳಪು ತೆಗೆದು ಒಣ ಬಟ್ಟೆಯಲ್ಲಿ ಒರೆಸಿ, ಎರಡೂ ಮೈಗೆ ಸಾಲ್ವೆಂಟ್ ಹಚ್ಚಿ, ಕಾಲು ಸುತ್ತು ತಿರುಗಿಸುತ್ತ ಪೂರ್ತಿ ಒಳಗೆ ತಳ್ಳಿ ಅರ್ಧ ನಿಮಿಷ ಒತ್ತಿಹಿಡಿಯಿರಿ. ಚಳಿಯಲ್ಲಿ ಸಾಲ್ವೆಂಟ್ ನಿಧಾನವಾಗಿ ಗಟ್ಟಿಯಾಗುತ್ತದೆ. ಬೇಸಿಗೆಯಲ್ಲಿ ಸಂಜೆಗೆ ಪಂಪ್ ಹಾಕುವವರು ಜನವರಿಯಲ್ಲಿ ಪೂರ್ತಿ 24 ಗಂಟೆ ಕಾಯಬೇಕು. ಕ್ಲ್ಯಾಂಪುಗಳನ್ನು ಪೈಪ್ ಜಾರುವಷ್ಟು ಸಡಿಲ ಮಾಡಿ.

ಲಕ್ಷಣ: ಕೊಳದ ಮಟ್ಟ ದಿನದಿನಕ್ಕೆ ಇಳಿಯುತ್ತಿದೆ

ಪ್ಲಂಬರ್‌ಗೆ ಫೋನ್ ಮಾಡುವ ಮುನ್ನ ಒಂದು ಬಕೆಟ್ ಬೇಕು. ಪುಣೆಯ ಚಳಿಗಾಲದ ಗಾಳಿ ಒಣ. ಯಾರೂ ಇಳಿಯದ ಕೊಳದಿಂದಲೂ ನೀರು ಆವಿಯಾಗುತ್ತದೆ. ಅದೆಷ್ಟು, ಸೋರುವುದೆಷ್ಟು ಎಂದು ಬೇರೆ ಮಾಡಬೇಕು.

ತಾನಾಗಿ ನೀರು ತುಂಬುವ ಫ್ಲೋಟ್ ವಾಲ್ವ್ ಇದ್ದರೆ ಮೊದಲು ಅದನ್ನು ಮುಚ್ಚಿ. ಈ ವಾಲ್ವ್ ತಿಂಗಳುಗಟ್ಟಲೆ ಸೋರಿಕೆಯನ್ನು ಮರೆಮಾಚುತ್ತದೆ. ಗುಟ್ಟು ರಟ್ಟಾಗುವುದು ಟ್ಯಾಂಕರ್ ಬಿಲ್ ಬಂದಾಗ. ಬಕೆಟ್ಟಿಗೆ ಕೊಳದ ನೀರನ್ನೇ ತುಂಬಿ ಮೆಟ್ಟಿಲ ಮೇಲೆ ಇಡಿ, ಒಳಗಿನ ಮಟ್ಟವೂ ಹೊರಗಿನ ಮಟ್ಟವೂ ಸಮನಾಗಿರಲಿ. ಎರಡಕ್ಕೂ ಪೆನ್ಸಿಲ್ ಗುರುತು ಹಾಕಿ 24 ಗಂಟೆ ಬಿಡಿ. ಎರಡೂ ಒಂದೇ ಅಳತೆ ಇಳಿದಿದ್ದರೆ ಅದು ಆವಿ, ಸೋರಿಕೆಯಲ್ಲ. ಕೊಳ ಹೆಚ್ಚು ಇಳಿದಿದ್ದರೆ ವ್ಯತ್ಯಾಸವನ್ನು ಲೆಕ್ಕಹಾಕಿ: 12 ಮೀಟರ್ ಉದ್ದ, 6 ಮೀಟರ್ ಅಗಲದ ಕೊಳದಲ್ಲಿ 1 ಮಿ.ಮೀ. ಎಂದರೆ 72 ಲೀಟರ್. ದಿನಕ್ಕೆ 10 ಮಿ.ಮೀ. ವ್ಯತ್ಯಾಸ ಬಂದರೆ 720 ಲೀಟರ್ ನೆಲದ ಪಾಲಾಗುತ್ತಿದೆ.

ಸೋರಿಕೆ ಖಚಿತವಾದರೆ ಇದೇ ಪರೀಕ್ಷೆಯನ್ನು ಒಂದು ದಿನ ಪಂಪ್ ಓಡಿಸಿ, ಇನ್ನೊಂದು ದಿನ ನಿಲ್ಲಿಸಿ ಮಾಡಿ. ಓಡುವಾಗ ಹೆಚ್ಚು ಇಳಿದರೆ ಒತ್ತಡದ ಕಡೆ, ಅಂದರೆ ಫಿಲ್ಟರಿನಿಂದ ಕೊಳಕ್ಕೆ ಮರಳುವ ಲೈನಿನಲ್ಲಿ ದೋಷ. ನಿಂತಾಗ ಹೆಚ್ಚು ಇಳಿದರೆ ಹೀರುವ ಕಡೆ. ಪಂಪ್ ಓಡುವಾಗ ಅಲ್ಲಿ ಗಾಳಿ ಒಳಬರುತ್ತದೆ, ನಿಂತಾಗ ನೀರು ಹೊರಹೋಗುತ್ತದೆ. ಎರಡೂ ದಿನ ಒಂದೇ ಆದರೆ ಪೈಪಿಗಿಂತ ಮೊದಲು ಕೊಳದ ಮೈ, ಟೈಲ್ಸ್, ನೀರೊಳಗಿನ ದೀಪದ ಗೂಡನ್ನು ಅನುಮಾನಿಸಿ.

ಓಡುವಾಗ ಇಳಿದರೆ ನೆಲದ ಕಡೆ ನೋಡುವ ಮೊದಲು ಬ್ಯಾಕ್‌ವಾಷ್ (ನೀರನ್ನು ಉಲ್ಟಾ ಹಾಯಿಸಿ ಫಿಲ್ಟರ್ ತೊಳೆಯುವುದು) ನೀರು ಹೊರಹೋಗುವ ಪೈಪಿನ ಬಾಯಿ ನೋಡಿ. ಹಿಡಿಕೆ ‘ಫಿಲ್ಟರ್’ನಲ್ಲಿದ್ದೂ ಅಲ್ಲಿ ನೀರು ಬರುತ್ತಿದ್ದರೆ ಮಲ್ಟಿಪೋರ್ಟಿನ ಜೇಡ ಗ್ಯಾಸ್ಕೆಟ್ ಹೋಗಿದೆ. ಆ ಪೈಪ್ ನೇರ ಚರಂಡಿಗೆ ಇಳಿದಿರುವ ಸೊಸೈಟಿಗಳಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಗ್ಯಾಸ್ಕೆಟ್ ಬದಲಿಸುವುದು ಅರ್ಧ ದಿನದ ಕೆಲಸ.

ಇನ್ನೊಂದು ಸುಲಭದ ದಾರಿ, ತುಂಬಿಸದೆ ಪಂಪ್ ನಿಲ್ಲಿಸಿ ಮಟ್ಟ ಎಲ್ಲಿ ನಿಲ್ಲುತ್ತದೆ ಎಂದು ಕಾಯುವುದು. ಸ್ಕಿಮ್ಮರ್ ಬಾಯಿಯ ಕೆಳಗೆ ನಿಂತರೆ ಸ್ಕಿಮ್ಮರ್ ಅಥವಾ ಅದರ ಲೈನ್. ರಿಟರ್ನ್ ಬಾಯಿಯ ಮಟ್ಟದಲ್ಲಿ ನಿಂತರೆ ರಿಟರ್ನ್. ದೀಪದ ಮಟ್ಟದಲ್ಲಿ ನಿಂತರೆ ದೀಪದ ವೈರ್ ಹೋಗುವ ಕೊಳವೆ. ಅದಕ್ಕೂ ಕೆಳಗೆ ಇಳಿಯುತ್ತಲೇ ಹೋದರೆ ತಳದ ಡ್ರೇನ್ ಲೈನ್, ಇಲ್ಲವೇ ತಳದಲ್ಲೇ ಬಿರುಕು. ಅಲ್ಲಿಗೆ ಕಾಯುವುದನ್ನು ನಿಲ್ಲಿಸಿ. ಪೂರ್ತಿ ಬರಿದಾಗಲು ಬಿಡಬೇಡಿ. ಮಳೆಗಾಲದ ಅಂತರ್ಜಲ ಇನ್ನೂ ಇಳಿಯದ ಜಾಗಗಳಲ್ಲಿ, ಅದರಲ್ಲೂ ಮುಳಾ–ಮುಠಾ ದಂಡೆಯ ಕಡೆ, ಖಾಲಿ ಕೊಳವನ್ನು ಕೆಳಗಿನ ನೀರು ಮೇಲಕ್ಕೆ ಒತ್ತುತ್ತದೆ, ತಳ ಬಿರಿಯುತ್ತದೆ. ಬಿಸಿಲಿಗೆ ಟೈಲ್ಸ್ ಏಳುವುದು ಬೇರೆ.

ನೆಲದೊಳಗಿನ ಪೈಪ್ ಚಳಿಗಾಲದಲ್ಲೇ ಏಕೆ ಬಿಡುತ್ತದೆ ಎಂಬುದಕ್ಕೆ ಈ ಊರಿನ ಮಣ್ಣಿನಲ್ಲೇ ಉತ್ತರವಿದೆ. ಎರೆಮಣ್ಣು ಮಳೆಯಲ್ಲಿ ಉಬ್ಬುತ್ತದೆ, ನವೆಂಬರ್‌ನಿಂದ ಒಣಗಿ ಬಿರುಕು ಬಿಡುತ್ತದೆ. ಪೈಪಿನ ಸುತ್ತ ಮರಳು ಹಾಸದೆ ಅಗೆದ ಮಣ್ಣನ್ನೇ ಮುಚ್ಚಿದ್ದರೆ ಆ ಕುಗ್ಗುವಿಕೆ ಪೈಪನ್ನು ಬಗ್ಗಿಸಿ ಬೆಂಡಿನ ಜಾಯಿಂಟನ್ನು ಎಳೆಯುತ್ತದೆ. ಕೊಳದ ಸುತ್ತ ಎಲ್ಲೆಡೆ ನೆಲ ಒಣಗಿರುವಾಗ ಒಂದೇ ಕಡೆ ಹುಲ್ಲು ಹಸಿರಾಗಿದ್ದರೆ, ಕಲ್ಲುಹಾಸು ಕುಸಿದಿದ್ದರೆ, ಅದೇ ನಿಮ್ಮ ಸುಳಿವು.

ಇಷ್ಟಾದ ಮೇಲೆ ಲೈನ್ ಒತ್ತಡ ಪರೀಕ್ಷೆ. ಒಂದು ತುದಿಗೆ ರಬ್ಬರ್ ಪ್ಲಗ್ ಬಿಗಿದು, ಇನ್ನೊಂದು ತುದಿಯಿಂದ ಕೈಪಂಪಿನಲ್ಲಿ ನೀರು ತುಂಬಿ 1ರಿಂದ 1.5 ಬಾರ್ ಒತ್ತಡಕ್ಕೆ ಏರಿಸಿ 30 ನಿಮಿಷ ಗೇಜ್ ನೋಡುತ್ತಾರೆ. ಮುಳ್ಳು ಇಳಿದರೆ ಆ ಲೈನಿನಲ್ಲಿ ಸೋರಿಕೆ. ಇದನ್ನು ಮಾಡಿ ಅನುಭವವಿರುವವರನ್ನೇ ಕರೆಯಿರಿ, ನೀರಿನಿಂದಲೇ ಮಾಡಲು ಹೇಳಿ. ಯಾವ ಲೈನ್ ಎಂದು ಗೊತ್ತಾಗದೆ ಯಾರಾದರೂ ಅಗೆಯಲು ಶುರುಮಾಡಿದರೆ ತಡೆಯಿರಿ.

ಲಕ್ಷಣ: ಗೇಜ್ ಏರಿದೆ, ರಿಟರ್ನ್ ಸೊರಗಿದೆ

ಶುಚಿಯಾದ ಫಿಲ್ಟರಿನ ಒತ್ತಡ ಎಷ್ಟೆಂದು ಟ್ಯಾಂಕಿನ ಮೇಲೆ ಮಾರ್ಕರ್‌ನಲ್ಲಿ ಬರೆದಿಟ್ಟುಕೊಳ್ಳಬೇಕು. ಅದಿಲ್ಲದೆ ಈಗಿನ ಅಂಕಿಗೆ ಅರ್ಥವಿಲ್ಲ. ಅದಕ್ಕಿಂತ 0.5 ಬಾರ್ ಹೆಚ್ಚಿದ್ದರೆ ಬ್ಯಾಕ್‌ವಾಷ್ ಮಾಡಿ: ಗಾಜಿನ ಕೊಳವೆಯಲ್ಲಿ ನೀರು ತಿಳಿಯಾಗುವವರೆಗೆ, ಆಮೇಲೆ ಅರ್ಧ ನಿಮಿಷ ರಿನ್ಸ್. ಅದಕ್ಕೂ ಮೊದಲು ರಿಟರ್ನ್ ವಾಲ್ವ್ ತೆರೆದಿದೆಯೇ ನೋಡಿ. ಡಿಸೆಂಬರ್‌ನಲ್ಲಿ ಮುಚ್ಚಿದ ವಾಲ್ವನ್ನು ಮಾರ್ಚ್‌ನಲ್ಲಿ ಮರೆತು ಪಂಪ್ ಹಾಕುವುದು ಅಪರೂಪವಲ್ಲ.

ಬ್ಯಾಕ್‌ವಾಷ್ ಆದ ಎರಡೇ ದಿನಕ್ಕೆ ಮತ್ತೆ ಏರಿದರೆ ಮರಳು ಗಡ್ಡೆಕಟ್ಟಿದೆ. ಬೋರ್‌ವೆಲ್, ಟ್ಯಾಂಕರ್ ನೀರಿನ ಗಡಸು ನಿಂತಲ್ಲಿ ನಿಂತು ಸುಣ್ಣವಾಗಿ ಮರಳನ್ನು ಅಂಟಿಸುತ್ತದೆ. ಒತ್ತಡ ಇಳಿಸಿ ಮುಚ್ಚಳ ತೆಗೆದು ಕೈಯಿಂದ ಒಡೆದು ನೋಡಿ. ಮೇಲಿನ ಒಂದು ಗೇಣು ಮಾತ್ರ ಗಟ್ಟಿಯಿದ್ದರೆ ಒಡೆದು ತೊಳೆಯಬಹುದು, ಆಳದವರೆಗೂ ಹಾಗೆಯೇ ಇದ್ದರೆ ಮರಳು ಬದಲಿಸಬೇಕು. ಕೊಳದ ತಳದಲ್ಲಿ ಮರಳು ಕಂಡರೆ ಫಿಲ್ಟರಿನ ತಳದಲ್ಲಿ ಮರಳನ್ನು ತಡೆದು ನೀರನ್ನಷ್ಟೇ ಬಿಡುವ ಲ್ಯಾಟರಲ್ ಕೊಳವೆ ಮುರಿದಿದೆ, ತಂತ್ರಜ್ಞರನ್ನು ಕರೆಯಿರಿ.

ಗೇಜ್ ತೀರ ಕಡಿಮೆ ತೋರಿಸಿ ಸದ್ದು ಮಾತ್ರ ಜೋರಾಗಿದ್ದರೆ, ಮತ್ತು ಪಂಪ್ ತ್ರೀ-ಫೇಸ್ ಆಗಿದ್ದರೆ, ಮೋಟಾರ್ ಉಲ್ಟಾ ತಿರುಗುತ್ತಿದೆಯೇ ನೋಡಿ. ಮೈಮೇಲೆ ಬಾಣದ ಗುರುತಿರುತ್ತದೆ. ಮುಚ್ಚಿದ್ದಾಗ ಪ್ಯಾನಲ್ ರಿಪೇರಿಯಾಗಿದ್ದರೆ ಇದೇ ಕಾರಣವಿರಬಹುದು. ತಂತಿ ಬದಲಿಸುವುದು ಎಲೆಕ್ಟ್ರಿಷಿಯನ್ ಕೆಲಸ.

ಲಕ್ಷಣ: ಮೊದಲ ನೀರಿನಲ್ಲೇ ಕೊಳೆತ ವಾಸನೆ, ಹಸಿರು ಇಲ್ಲವೇ ಕಪ್ಪು ಚಕ್ಕೆ

ಗಾಳಿಯಾಡದ ನಿಂತ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆದಾಗ ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ. ಚಕ್ಕೆಗಳು ಪೈಪಿನ ಒಳಮೈಯಿಂದ ಕಳಚಿದ ಲೋಳೆ. ಕೊಳದ ನೀರು ತಿಳಿಯಾಗಿ ಕಂಡರೂ ಲೈನ್ ಕೊಳಕಿರಬಹುದು. ಮೊದಲ ಕೆಲವು ನಿಮಿಷದ ನೀರನ್ನು ಮಲ್ಟಿಪೋರ್ಟಿನ ‘ವೇಸ್ಟ್’ ಮೂಲಕ ಹೊರಗೆ ಬಿಡಿ.

ಆಮೇಲೆ ಪಿಎಚ್ 7.2ರಿಂದ 7.6ರೊಳಗೆ ತಂದು, ಸಂಜೆ ಕ್ಲೋರಿನ್ 10 ಪಿಪಿಎಂಗೆ (ಲೀಟರಿಗೆ 10 ಮಿ.ಗ್ರಾಂ.) ಏರಿಸಿ. 12 × 6 ಮೀಟರ್, ಸರಾಸರಿ 1.2 ಮೀಟರ್ ಆಳದ ಕೊಳದಲ್ಲಿ ಸುಮಾರು 86,000 ಲೀಟರ್ ನೀರು, ಅದಕ್ಕೆ ಶೇ. 10ರ ತಾಜಾ ಹೈಪೋ 9 ಲೀಟರ್ ಹತ್ತಿರ ಬೇಕು. ಹಳೆಯ ಕ್ಯಾನಿನಲ್ಲಿ ಸತ್ವ ಇಳಿದಿರುತ್ತದೆ. ರಾತ್ರಿಯಿಡೀ ಪಂಪ್ ಓಡಲಿ. ಇಲ್ಲಿ ತಪ್ಪುವುದು ಒಂದೇ ಕಡೆ: ವ್ಯಾಕ್ಯೂಮ್ ಲೈನ್, ಜಲಪಾತದ ಲೈನ್, ಮಕ್ಕಳ ಕೊಳದ ಲೈನ್ ಮುಚ್ಚಿದ ಹಾಗೇ ಇರುತ್ತವೆ. ಪ್ರತಿಯೊಂದನ್ನೂ ಅರ್ಧ ಗಂಟೆ ತೆರೆದು ಕ್ಲೋರಿನ್ ನೀರು ಹಾಯಿಸಿ, ಇಲ್ಲದಿದ್ದರೆ ಅಲ್ಲಿಂದಲೇ ಮತ್ತೆ ಹರಡುತ್ತದೆ. ಕ್ಲೋರಿನ್ 3 ಪಿಪಿಎಂಗೆ ಇಳಿಯುವವರೆಗೆ ಯಾರನ್ನೂ ನೀರಿಗೆ ಬಿಡಬೇಡಿ. ಟಿಸಿಸಿಎ (ನಿಧಾನವಾಗಿ ಕರಗುವ ಕ್ಲೋರಿನ್) ಮಾತ್ರೆ ಹಾಕಿದ ಡಬ್ಬಿಗೆ ಬ್ಲೀಚಿಂಗ್ ಪುಡಿ ಹಾಕುವುದು ಎಂದೂ ಕೂಡದು. ಬೆಂಕಿ ಏಳುತ್ತದೆ, ಡಬ್ಬಿ ಸಿಡಿಯಬಹುದು.

ಲಕ್ಷಣ: ಮೋಟಾರ್ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ, ಇಲ್ಲವೇ ಟ್ರಿಪ್ ಆಗುತ್ತದೆ

ಗುಂಯ್ ಎಂದರೆ ತಕ್ಷಣ ಆರಿಸಿ. ಕರೆಂಟ್ ಕಡಿದು, ಹಿಂಬದಿಯ ಫ್ಯಾನ್ ಕಡೆಯಿಂದ ಶಾಫ್ಟನ್ನು ಕೈಯಲ್ಲಿ ತಿರುಗಿಸಿ. ಬಿಗಿಯಾಗಿದ್ದು ಒಂದೆರಡು ಸುತ್ತಿಗೆ ಸಡಿಲವಾದರೆ ತುಕ್ಕು ಹಿಡಿದಿತ್ತು, ಅಷ್ಟೇ. ಸಲೀಸಾಗಿ ತಿರುಗಿದರೂ ಹೊರಡದ ಸಿಂಗಲ್ ಫೇಸ್ ಮೋಟಾರಿಗೆ ಕೆಪ್ಯಾಸಿಟರ್ ಬೇಕು. ಹಳೆಯದರ ಮೇಲಿನ ಮೈಕ್ರೋಫ್ಯಾರಡ್, ವೋಲ್ಟ್ ಅಂಕಿಯನ್ನೇ ನೋಡಿ ತರಬೇಕು. ಬುಧವಾರ ಪೇಟೆಯ ತಪಕೀರ್ ಗಲ್ಲಿಯಲ್ಲಿ ಸಿಗುತ್ತದೆ. ಹಳೆಯದು ಕರೆಂಟ್ ಇಲ್ಲದಾಗಲೂ ಶಾಕ್ ಕೊಡುತ್ತದೆ, ಕೂರಿಸುವ ಕೆಲಸ ಎಲೆಕ್ಟ್ರಿಷಿಯನ್‌ಗೇ ಬಿಡಿ.

30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಕಡಿಯುವ ಸ್ವಿಚ್) ಟ್ರಿಪ್ ಆದರೆ ಅದು ತೊಂದರೆ ಕೊಡುತ್ತಿಲ್ಲ, ಜೀವ ಉಳಿಸುತ್ತಿದೆ. ಅದನ್ನು ಬೈಪಾಸ್ ಮಾಡಿ ಓಡಿಸಲು ಯಾರೇ ಹೇಳಿದರೂ ಒಪ್ಪಬೇಡಿ. ಕಾರಣ ಸಿಗುವವರೆಗೆ ನೀರಿಗೆ ಕೈ ಅದ್ದುವುದೂ ಬೇಡ.

ಲಕ್ಷಣ: ಕಂಪ್ರೆಸರ್ ಹಚ್ಚಿ ಲೈನ್ ಊದಿಸಿದ ಮೇಲೆ ಸೋರಿಕೆ ಶುರುವಾಯಿತು

ಅಮೆರಿಕ, ಕೆನಡಾದಂಥ ಹಿಮದ ನಾಡುಗಳಲ್ಲಿ ಚಳಿಗೆ ಮೊದಲು ಲೈನಿನ ನೀರನ್ನು ಗಾಳಿಯಿಂದ ಊದಿ ತೆಗೆದು, ಬಾಯಿಗಳಿಗೆ ರಬ್ಬರ್ ಪ್ಲಗ್ ಬಿಗಿದು, ಹೆಪ್ಪುಗಟ್ಟದಂತೆ ತಡೆಯುವ ಪ್ರೊಪಿಲಿನ್ ಗ್ಲೈಕಾಲ್ ದ್ರಾವಣ ಸುರಿಯುತ್ತಾರೆ. ಅಲ್ಲಿ ಅದು ಅಗತ್ಯ. ಅದಕ್ಕೆ ಅವರು ಬಳಸುವುದು ಒತ್ತಡ ಕಡಿಮೆಯಿರುವ, ಗಾಳಿ ಹೆಚ್ಚಿರುವ ಬ್ಲೋವರ್. ಇಲ್ಲಿ ವಿಡಿಯೊ ನೋಡಿ ಪಂಕ್ಚರ್ ಅಂಗಡಿಯಂಥ ಕಂಪ್ರೆಸರ್ ಜೋಡಿಸುತ್ತಾರೆ. ಅದರ ಟ್ಯಾಂಕಿನಲ್ಲಿ 7–8 ಬಾರ್ ಇರುತ್ತದೆ. ಮರಳು ಫಿಲ್ಟರ್ ತಾಳುವುದು ಸಾಮಾನ್ಯವಾಗಿ 2.5ರಿಂದ 3.5 ಬಾರ್. ಅದುಮಿದ ಗಾಳಿ ನೀರಿನ ಹಾಗಲ್ಲ, ಪೈಪ್ ಒಡೆದರೆ ಚೂರುಗಳನ್ನು ಗುಂಡಿನಂತೆ ಎಸೆಯುತ್ತದೆ. ಊದಿಸಿದ ಮೇಲೆ ಸೋರಿಕೆ ಶುರುವಾಗಿದ್ದರೆ ಮೊದಲು ಮಲ್ಟಿಪೋರ್ಟ್, ಗೇಜ್ ಕೂರುವ ಥ್ರೆಡ್, ರಿಟರ್ನ್ ಬಾಯಿಗಳನ್ನು ನೋಡಿ. ಫಿಲ್ಟರ್ ಟ್ಯಾಂಕಿನ ಮೈಯಲ್ಲಿ ಕೂದಲೆಳೆಯ ಬಿರುಕು ಕಂಡರೂ ಅದನ್ನು ಮತ್ತೆ ಒತ್ತಡಕ್ಕೆ ಹಾಕಬೇಡಿ, ಅಂಟು ಮೆತ್ತಿ ಬಳಸಲೂ ಬೇಡಿ.

ಪುಣೆಯಲ್ಲಿ ನೀರು ಖಾಲಿ ಮಾಡಬೇಕಾದ ಒಂದು ಭಾಗವಿದೆ, ಕೊಳದ ನೀರನ್ನು ಬಿಸಿಮಾಡುವ ಹೀಟ್ ಪಂಪ್. ಚಳಿಗಾಲದಲ್ಲಿ ಅದನ್ನು ಬಳಸುವುದಿಲ್ಲವಾದರೆ ಬೈಪಾಸ್ ವಾಲ್ವ್ ತೆರೆದು, ಒಳಬರುವ, ಹೊರಹೋಗುವ ಎರಡೂ ವಾಲ್ವ್ ಮುಚ್ಚಿ, ಕೆಳಗಿನ ಪ್ಲಗ್ ಬಿಚ್ಚಿ ನೀರು ಇಳಿಸಿ. ಕ್ಲೋರಿನ್ ನೀರು ಒಳಗೆ ತಿಂಗಳುಗಟ್ಟಲೆ ನಿಂತರೆ ನೀರಿಗೆ ಬಿಸಿ ದಾಟಿಸುವ ಎಕ್ಸ್‌ಚೇಂಜರನ್ನು ತಿನ್ನುತ್ತದೆ. ಬಿಚ್ಚಿದ ಪ್ಲಗ್ಗನ್ನು ವಾಷರ್ ಸಮೇತ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಅದೇ ವಾಲ್ವಿನ ಹಿಡಿಕೆಗೆ ಕಟ್ಟಿ. ಮಾರ್ಚ್‌ನಲ್ಲಿ ತೆರೆಯುವವರು ಬೇರೆ ಯಾರೋ ಆಗಿರಬಹುದು.